ಗಾಳಿಗೆ ಹಾಕಿದ ಬೀಗ

ನಮ್ಮೂರಿನ ಮಾಳಿಗೆಗಳ ಮೇಲೆ ಸಂಜೆ ಹೊತ್ತು ಯಾರೂ ಹಪ್ಪಳ ಒಣಗಿಸುವುದಿಲ್ಲ, ಕಾಳು ಹರವುವುದಿಲ್ಲ. ಸಂಜೆಯ ಮಾಳಿಗೆ ಮಾತಿಗೆ ಮೀಸಲು. ದನಗಳು ಮನೆಗೆ ಬರುವ ಹೊತ್ತಿಗೆ ಗಾಳಿ ಏಳುತ್ತದೆ, ದೀಪ ಹಚ್ಚುವ ಹೊತ್ತಿಗೆ ಬೀಳುತ್ತದೆ. ಅಷ್ಟರೊಳಗೆ ಯಾರ ಹೆಸರು ಹಿಡಿದು ಕರೆದು ಏನು ಹೇಳಿದರೂ ಅದು ಉಪ್ಪಿನ ಬಯಲು ದಾಟಿ ಹೋಗಿ ಆ ಹೆಸರಿನವರ ಕಿವಿ ಮುಟ್ಟುತ್ತದೆ. ಅವರು ಆಡಿದ್ದೂ ಹಾಗೆಯೇ ನಮಗೆ ಬಂದು ಮುಟ್ಟುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿಯವರು ದೂರ ಹೋದವರ ಜೊತೆ ಹೇಗೆ ಬಾಳುತ್ತಾರೋ ನನಗಂತೂ ತಿಳಿಯದು.

ನನ್ನ ಹೆಸರು ಶಿವಗಂಗಿ. ಊರಿನ ಅರ್ಧ ಮನೆಗಳ ಗಂಡಸರಂತೆ ನಮ್ಮವರೂ ಉಪ್ಪಿನ ಬಿಡಾರಕ್ಕೆ ದುಡಿಯಲು ಹೋಗಿದ್ದರು. ಹೋಗಿ ಎರಡು ವರ್ಷದ ಮೇಲಾಗಿತ್ತು. ಮನೆಯಲ್ಲಿ ನಾನು, ನನ್ನ ಅತ್ತೆ ದ್ಯಾಮವ್ವ, ಒಂದು ಎಮ್ಮೆ. ನಮ್ಮೆಲ್ಲರಲ್ಲಿ ಎಮ್ಮೆಯದೇ ಶಾಂತ ಸ್ವಭಾವ. ನಮ್ಮವರು ಹೋದ ಹೊಸದರಲ್ಲಿ ಇನ್ನೂ ಬೀಗಗಳಿರಲಿಲ್ಲ. ಸಂಜೆಯಾದರೆ ಅವರೇ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು, ಕಾಲು ಚಾಚಿ ಕೂತು ಮಾತಾಡುತ್ತಿದ್ದೆವು. ಏನು ಮಾತು ಅಂತೀರಿ? ಒಂದಕ್ಕೂ ತಲೆಬುಡ ಇರುತ್ತಿರಲಿಲ್ಲ. ಬಿಡಾರದ ನಾಯಿಗೆ ಉಪ್ಪು ನೆಕ್ಕುವ ಚಟ ಹತ್ತಿದ್ದು, ಅವರ ಪಕ್ಕದಲ್ಲಿ ಮಲಗುವ ಭರಮಪ್ಪ ನಿದ್ದೆಯಲ್ಲಿ ಹಾಡುವುದು, ನಾನು ಬೆಳಿಗ್ಗೆ ಅತ್ತೆಯೊಡನೆ ಜಗಳವಾಡಿ ಮಧ್ಯಾಹ್ನ ಅವಳ ತಲೆಗೇ ಎಣ್ಣೆ ಹಚ್ಚಿದ್ದು. ನಡುವೆ ಮಾಳಿಗೆ ಏರಿದವರಿಗೆಲ್ಲ ಅದು ಕೇಳುತ್ತಿತ್ತು. ಕೇಳಲಿ ಬಿಡು ಅಂತ ನಾವೂ ಇದ್ದೆವು, ಅವರವರ ಮಾತು ನಮಗೂ ಕೇಳುತ್ತಿತ್ತಲ್ಲ.

ಬೀಗ ಸುಮ್ಮನೆ ಬರಲಿಲ್ಲ, ಆ ಮಾತನ್ನೂ ಹೇಳಬೇಕು. ನಮ್ಮ ಓಣಿಯ ಕೆಂಚವ್ವನಿಗೆ ಒಂದು ಸಂಜೆ ಗಂಡನ ದನಿಯಲ್ಲಿ ಯಾರೋ ಮಾತಾಡಿದರು. ನಿನ್ನ ಗಂಡ ಹೋದ, ನಾನು ಅವನ ಜೀವ ಮಾತಾಡುತ್ತಿದ್ದೇನೆ, ತಾಳಿ ತೆಗೆದಿಡು ಎಂದಿತು ಆ ದನಿ. ಆಕೆ ಬಳೆ ಒಡೆದುಕೊಂಡಳು, ತಾಳಿ ತೆಗೆದಳು, ಓಣಿಯವರೆಲ್ಲ ಸೇರಿ ಅತ್ತೆವು. ಕೆಲವು ದಿನಗಳಾದ ಮೇಲೆ ಆ ಗಂಡ ಉಪ್ಪಿನ ಚೀಲ ತಲೆಯ ಮೇಲೆ ಹೊತ್ತುಕೊಂಡು ಬಾಗಿಲಿಗೆ ಬಂದು ನಿಂತ. ಬೋಳು ಕೊರಳಿನ ಹೆಂಡತಿಯನ್ನು ನೋಡಿ ಅವನ ತಲೆಯ ಮೇಲಿನ ಚೀಲ ಕೆಳಗೆ ಬಿತ್ತು. ಆ ದನಿ ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. ಅಂಥ ಕೆಟ್ಟ ಚೇಷ್ಟೆ ಮಾಡಿದವನ ನಾಲಿಗೆ ಸೇದಿಹೋಗಲಿ ಎಂದು ನಾನು ಈಗಲೂ ಶಪಿಸುತ್ತೇನೆ.

ಊರ ಮಂಡಳಿಯ ಹಿರಿಯ ರುದ್ರಗೌಡರು ಮರುವಾರವೇ ಮೊದಲ ಬೀಗ ತಂದರು. ಮಾತಾಡುವ ಮುಂಚೆ ಎರಡೂ ಕಡೆ ಮಂಡಳಿ ನೇಮಿಸಿದ ಕಾವಲಿನವರು ಒಂದು ಪ್ರಶ್ನೆ ಕೇಳುತ್ತಾರೆ. ಗಂಡ ಹೆಂಡತಿ ಇಬ್ಬರೂ ತಂತಮ್ಮ ಕಾವಲಿನವರ ಕಿವಿಯಲ್ಲಿ ಉತ್ತರ ಹೇಳಬೇಕು. ಎರಡೂ ಉತ್ತರ ಒಂದೇ ಆದರೆ ಮಾತು ತೆರೆದುಕೊಳ್ಳುತ್ತದೆ. ಇದು ಒಳ್ಳೆಯದೇ ಆಯಿತು ಎಂದೆವು. ಆಮೇಲೆ ಎರಡನೆಯ ಬೀಗ ಬಂತು. ಆಡುವ ಒಂದೊಂದು ಮಾತಿಗೂ ಒಂದೊಂದು ಹೊದಿಕೆ ಮಾತು ಸುತ್ತಿ ಕಳಿಸಬೇಕು, ಆ ಕಡೆಯವರು ಹೊದಿಕೆ ಬಿಚ್ಚಿ ಒಳಗಿನದನ್ನು ಕೇಳಬೇಕು. ಮೂರನೆಯದು ಬಂದ ಮೇಲೆ ನಾಲ್ಕು ಮಾತಿಗೊಮ್ಮೆ ತಡೆದು ಮತ್ತೆ ಅದೇ ಪ್ರಶ್ನೆ ಕೇಳುವುದು ಶುರುವಾಯಿತು. ಗಾಳಿ ಅದೇ, ದಾರಿ ಅದೇ. ಆದರೆ ಕಾಳಿಗಿಂತ ಚೀಲವೇ ಭಾರವಾದರೆ ಎತ್ತು ಏನು ಮಾಡೀತು? ಮೊದಲು ಇಡೀ ಓಣಿಯ ಮಾತನ್ನು ಒಂದೇ ಸಂಜೆಯಲ್ಲಿ ಹೊತ್ತು ಹಾಕುತ್ತಿದ್ದ ಗಾಳಿಗೆ ಈಗ ಎರಡು ಮನೆಯ ಮಾತು ಹೊರುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಅದಕ್ಕೇ ಸರದಿ ಹಚ್ಚಿದರು. ವಾರಕ್ಕೊಂದು ಸಂಜೆ ನಮ್ಮದು.

ಜನ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾರೆ. ಹೊದಿಕೆ ಮಾತು ಬಾಯಿಪಾಠ ಮಾಡಲು ಹೆಂಗಸರು ಬೀಸುವಾಗ ಅವನ್ನೇ ಹಾಡಾಗಿ ಹಾಡತೊಡಗಿದರು. ನಮ್ಮ ಅತ್ತೆಯ ಹಳೆಯ ಕಿವಿ ಮಾತ್ರ ಹೊದಿಕೆ ಬಿಚ್ಚಲಾರದೆ ಮೊದಲನೆಯ ಬೀಗಕ್ಕೇ ನಿಂತುಬಿಟ್ಟಿತು. ಅವಳು ಮಾಳಿಗೆಯ ಮೇಲಿದ್ದರೆ ಎಲ್ಲರ ಮಾತೂ ಅವಳ ಕಿವಿಯ ನಡಿಗೆಗೆ ಇಳಿದು ಕುಂಟುತ್ತಿತ್ತು. ಹಳೆಯ ಕಿವಿಯವರು ಕೆಳಗಿರಬೇಕೆಂದು ಮಂಡಳಿ ಹೇಳಿತು. ಪಾಪ, ಏಣಿಯ ಬುಡದಲ್ಲಿ ಕೂತು ಕತ್ತೆತ್ತಿ "ಏನಂದ? ನನ್ನ ಕೇಳಿದ್ನ?" ಎನ್ನುತ್ತಿದ್ದಳು. ಅವರು ಕೇಳಿರದಿದ್ದರೂ ನಾನು "ಹೂಂ ಅತ್ತಿ, ಕೇಳಿದ್ರು" ಎನ್ನುತ್ತಿದ್ದೆ.

ಮಾತಿಗೆ ಜಾಗ ಕಡಿಮೆಯಾದಾಗ ಮೊದಲು ಹೋದದ್ದು ನಗೆ. ನಾಯಿಯ ಸುದ್ದಿಗೆ ಮೂರು ಬೀಗ ತೆಗೆಸುವುದು ಯಾರಿಗೆ ಬೇಕು? ಆಮೇಲೆ ಜಗಳ ಹೋಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಒಮ್ಮೆ ನಾನು ಯುಗಾದಿಯಲ್ಲಿ ತೆಗೆದ ಜಗಳಕ್ಕೆ ಅವರ ಉತ್ತರ ಪೂರ್ತಿ ಬಂದು ಮುಟ್ಟುವಷ್ಟರಲ್ಲಿ ಕಾರಹುಣ್ಣಿಮೆ ದಾಟಿತ್ತು, ಯಾತಕ್ಕೆ ಸಿಟ್ಟಾಗಿದ್ದೆನೋ ನನಗೇ ಮರೆತಿತ್ತು. ಕೊನೆಗೆ ಉಳಿದದ್ದು ಒಂದೇ ಮಾತು. "ಎಲ್ಲಾ ಛಲೋ ಐತಿ" ಎಂದು ನಾನು. "ನಾನೂ ಛಲೋ ಅದೀನಿ" ಎಂದು ಅವರು. ಅಷ್ಟರಲ್ಲಿ ಗಾಳಿ ಬೀಳುತ್ತಿತ್ತು. ನನಗೆ ಎಲ್ಲಾ ಛಲೋ ಇರಲಿಲ್ಲ. ಅವರ ದನಿಯ ಹಸಿವು ಎಷ್ಟಿತ್ತೆಂದರೆ, ಆ ಮೂರು ಮಾತನ್ನೇ ಮುಂದಿನ ಸರದಿಯ ತನಕ ಇಟ್ಟುಕೊಂಡು ಉಣ್ಣುತ್ತಿದ್ದೆ. ಯಾವ ವಾರ ಶೀತವಾಗಿತ್ತು, ಯಾವ ವಾರ ದಣಿದಿದ್ದರು ಎಂದು ಆ ಮೂರರಲ್ಲೇ ಹುಡುಕುತ್ತಿದ್ದೆ.

ಹೀಗಿರುವಾಗ ಡಂಗುರ ಬಂತು. ಈಚೆ ಬಯಲಿನ ಉಪ್ಪು ಮುಗಿಯಿತು, ಬಿಡಾರ ಸೋಮವಾರ ಬೆಳಿಗ್ಗೆ ಕರಿಗುಡ್ಡದ ಆಚೆಗೆ ಹೋಗುತ್ತದೆ, ಹೋಗುವವರು ಹೋಗಬಹುದು, ಬೇಡವೆನ್ನುವವರು ಮನೆಗೆ ತಿರುಗಬಹುದು. ಕರಿಗುಡ್ಡದ ಆಚೆಯಿಂದ ಯಾವ ದನಿಯೂ ನಮ್ಮೂರಿಗೆ ಬರುವುದಿಲ್ಲ, ಇಲ್ಲಿಯದು ಅಲ್ಲಿಗೆ ಹೋಗುವುದೂ ಇಲ್ಲ. ಹೋದವರು ತಿರುಗಿ ಬರುವುದು ಎಷ್ಟು ವರ್ಷಕ್ಕೋ. ನಮ್ಮವರು ಹೋಗುತ್ತಾರೆಂದು ನನಗೆ ಖಾತ್ರಿಯಿತ್ತು. ಯಾಕೆ ಹೋಗಬಾರದು? ಮನೆಯಲ್ಲಿ ಎಲ್ಲಾ ಛಲೋ ಐತಿ ಎಂದು ನಾನೇ ವಾರ ವಾರ ಹೇಳಿ ಕಳಿಸಿದ್ದೆನಲ್ಲ.

ಅದೃಷ್ಟಕ್ಕೆ ಶನಿವಾರದ ಸಂಜೆ ನಮ್ಮ ಸರದಿ ಇತ್ತು. ಆದರೆ ಅದೃಷ್ಟ ಅರ್ಧಕ್ಕೇ ನಿಂತಿತು. ಅದೇ ವಾರ ಮಂಡಳಿ ಎಲ್ಲರ ಹಳೆಯ ಪ್ರಶ್ನೆಗಳನ್ನು ರದ್ದು ಮಾಡಿತ್ತು. ಒಂದೇ ಪ್ರಶ್ನೆ ಬಹಳ ದಿನ ಇದ್ದರೆ ಕಳ್ಳರಿಗೆ ಅದು ಪಳಗಿಬಿಡುತ್ತದಂತೆ. ಹಳೆಯ ಪ್ರಶ್ನೆಗೆ ಉತ್ತರ ಬಿಡಾರಕ್ಕೆ ನಡೆದು ಹೋಗುವವರೊಬ್ಬರ ಕಿವಿಯಲ್ಲಿ ಹೇಳಿ ಕಳಿಸಿದ್ದು, ಈಗ ಅದಕ್ಕೆ ದಿನವಿರಲಿಲ್ಲ. ಹೊಸದಕ್ಕೆ ಉತ್ತರ ಇದು ಎಂದು ಗಾಳಿಯಲ್ಲಿ ಹೇಳಿ ಕಳಿಸುವಂತಿಲ್ಲ, ಹೇಳಿದರೆ ಬೀಗದ ಜೊತೆಗೇ ಕೀಲಿಯನ್ನೂ ಕಳಿಸಿದಂತೆ. ಹಾಗಾಗಿ ಇಬ್ಬರಿಗೂ ಮೊದಲೇ ಗೊತ್ತಿರುವ, ಬೇರೆಯವರಿಗೆ ಗೊತ್ತಿಲ್ಲದ ಸಂಗತಿಯನ್ನೇ ಹುಡುಕಬೇಕಿತ್ತು.

ಕಾವಲಿನ ಗುರುಬಾಯಿ ನಮ್ಮ ಮಾಳಿಗೆ ಏರಿ ಬಂದು ಕೂತಳು. ನಾವು ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವಾದ್ದರಿಂದ ನಮ್ಮ ಪರವಾಗಿ ಕರೆಯುವವಳೂ ಅವಳೇ. "ಏನ್ ಕೇಳ್ಲೆವಾ?" ಎಂದಳು. "ನೀವು ನನ್ನ ಮೊದಲ ಸಲ ನೋಡಿದಾಗ ನನ್ನ ಕೈಯಾಗ ಏನಿತ್ತು ಅಂತ ಕೇಳು" ಎಂದೆ. ಇದಕ್ಕಿಂತ ಒಳ್ಳೆಯ ಪ್ರಶ್ನೆ ಇದೆಯೇ ಎಂದು ನನಗೆ ಒಳಗೊಳಗೇ ಹೆಮ್ಮೆ. ಅವರು ಹೋರಿ ಕೊಳ್ಳಲು ನಮ್ಮ ತವರಿಗೆ ಬಂದಾಗ ನಾನು ಹಿತ್ತಿಲಲ್ಲಿ ತಪ್ಪಿಸಿಕೊಂಡ ಕೋಳಿ ಹಿಡಿದು ನಿಂತಿದ್ದೆ. ಗುರುಬಾಯಿಯ ಕಿವಿಯಲ್ಲಿ "ಕೋಳಿ" ಎಂದೆ. ಅವಳು ಆ ಕಡೆಯ ಕಾವಲಿನವನ ಉತ್ತರ ಕೇಳಿ ತಲೆ ಅಲ್ಲಾಡಿಸಿದಳು.

"ಕೂಡಲಿಲ್ಲವಾ. ಇನ್ನ ಎರಡ ಸಲ ಐತಿ, ನೋಡಿ ಹೇಳು."

"ಅವರು ಏನಂದ್ರು?"

"ಅದನ್ನ ಹೇಳಿದ್ರ ನಾ ಯಾತರ ಕಾವಲದಾಕಿ?"

ನಾನು ಕಣ್ಣು ಮುಚ್ಚಿ ಯೋಚಿಸಿದೆ. ಒಮ್ಮೆ ಯಾವುದೋ ಮದುವೆಯ ಊಟದಲ್ಲಿ ನಮ್ಮವರು ಪಂಕ್ತಿಯವರನ್ನೆಲ್ಲ ನಗಿಸಲು, ಇವಳನ್ನು ಮೊದಲು ನೋಡಿದಾಗ ಕೈಯಲ್ಲಿ ಕುಡಗೋಲು ಹಿಡಿದಿದ್ದಳು, ಒಲ್ಲೆ ಎನ್ನಲು ಧೈರ್ಯ ಬರಲಿಲ್ಲ ಎಂದಿದ್ದರು. ಚೇಷ್ಟೆ ಎಂದುಕೊಂಡಿದ್ದೆ. ಯಾರಿಗೆ ಗೊತ್ತು, ಅವರ ನೆನಪಿನಲ್ಲಿ ನಿಜವಾಗಿ ಕುಡಗೋಲೇ ಇದ್ದಿರಬೇಕು. ಹಾಗಾದರೆ ಹಾಗೇ ಆಗಲಿ, ಕೋಳಿಯನ್ನು ಬಿಟ್ಟುಕೊಟ್ಟರಾಯಿತು. "ಕುಡಗೋಲ" ಎಂದೆ. ಗುರುಬಾಯಿ ಆ ಕಡೆಯದನ್ನು ಕೇಳಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ಮತ್ತೆ ತಲೆ ಅಲ್ಲಾಡಿಸಿದಳು. ಕುಡಗೋಲು ಅಲ್ಲವಾದರೆ ಅವರ ಮನಸ್ಸಿನಲ್ಲಿ ಇರುವುದು ಕೋಳಿಯೇ ಇರಬೇಕು, ಮೊದಲ ಸಲ ಏನೋ ಬಾಯಿತಪ್ಪಿ ಅಂದಿರಬೇಕು. "ಕೋಳೀನ" ಎಂದೆ. ಗುರುಬಾಯಿ ಹಣೆ ಬಡಿದುಕೊಂಡು, "ಮುಚ್ಚಿತವಾ ಬಾಗಲಾ. ಇನ್ನ ಹುಣ್ಣಿವಿ ತನಕಾ ಇಲ್ಲ" ಎಂದಳು.

ಗುರುಬಾಯಿ ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಇನ್ನೇನ ಉಳೀತು ಕಾಯಾಕ? ಕೇಳು. ನೀ ಕೋಳಿ ಅಂದಾಗ ಅಂವ ಕುಡಗೋಲ ಅಂದ. ನೀ ಕುಡಗೋಲ ಅಂದಾಗ ಅಂವ ಕೋಳಿ ಅಂದ. ಮತ್ತ ನೀ ತಿರುಗಿ ಕೋಳಿಗೆ ಬಂದಿ, ಅಂವ ತಿರುಗಿ ಕುಡಗೋಲಿಗೆ ಹ್ವಾದ. ಒಬ್ಬರಿಗೊಬ್ಬರು ಸೋಲಾಕ ಹೋಗಿ ಕೆಟ್ರಿ. ಇಬ್ಬರಾಗ ಒಬ್ಬರರ ಹಟಾ ಹಿಡದಿದ್ರ ಬೀಗ ತೆರೀತಿತ್ತು."

ಮೂವತ್ತಾರು ಗುಣ ಕೂಡಿದ ಜೋಡಿ ಎಂದು ಮದುವೆಯಲ್ಲಿ ಹೊಗಳಿದ್ದರು. ಬದುಕಿನಲ್ಲಿ ಒಮ್ಮೆಯೂ ನನಗೆ ಸೋಲದ ಮನುಷ್ಯ, ಬೇಡದ ಹೊತ್ತಿನಲ್ಲಿ ಸೋತು ಕೂತಿದ್ದರು. ನಾನೂ ಅಷ್ಟೇ.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡುತ್ತ ಕೂತಿದ್ದಾಗ ಅತ್ತೆ ಬಂದು ಕಂಬಕ್ಕೊರಗಿ ನಿಂತಳು.

"ಬೀಗ ತೆರೆದಿದ್ರ ಏನ ಹೇಳಾಕಿದ್ದಿ ಅಂವಗ?"

"ಬರ್ರಿ ಅಂತ."

"ಅಷ್ಟನ?"

"ಅಷ್ಟಕ್ಕ ಹೊತ್ತ ಸಿಗತಿತ್ತು ಅತ್ತಿ."

"ಬಾ ಅಂದ್ರ ಬರೂವಷ್ಟ ಶಾಣ್ಯಾ ಅಲ್ಲ ನನ್ನ ಮಗಾ. ಯಾಕಂತ ಕೇಳ್ತಾನ."

"ಯಾಕಂತ ಹೇಳಬೇಕಂದ್ರ ಬೀಗ ಇಲ್ಲದ ಹೇಳಬೇಕು. ಊರೆಲ್ಲಾ ಕೇಳ್ತತಿ."

"ಕೇಳ್ಲಿ. ಊರ ಕಿವಿ ಏನ ಹರಿದ ಹೊಕ್ಕಾವ?"

"ನಗ್ತಾರ ಅತ್ತಿ."

"ನಕ್ರ ಅವರ ಹಲ್ಲ ಕಾಣ್ತಾವ, ನಿನ್ನವಲ್ಲ" ಎಂದಳು. ಆಮೇಲೆ ದನಿ ಇಳಿಸಿ, "ನನಗೂ ಅವನ್ನ ನೋಡಬೇಕಾಗೇತಿ, ಗಂಗೀ" ಎಂದಳು. ಅತ್ತೆ ಅದುವರೆಗೆ ನನ್ನ ಹತ್ತಿರ ಏನನ್ನೂ ಬೇಡಿದವಳಲ್ಲ. ಉಪ್ಪು ಬೇಕಿದ್ದರೂ ಬೈದೇ ಕೇಳುವವಳು.

ಬೀಗವಿಲ್ಲದೆ ಮಾತಾಡಿದವರ ಮನೆಯ ಏಣಿಯನ್ನು ಮಂಡಳಿ ಒಂದು ವರ್ಷ ಕಿತ್ತುಕೊಂಡು ಹೋಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದಂತೆ ಆಯಿತೆಂದು ಎಷ್ಟೋ ಸಲ ಬೈದುಕೊಂಡಿದ್ದೆವು, ಆದರೆ ಕೆಂಚವ್ವನ ಕೊರಳು ನೋಡಿದವರು ಯಾರೂ ಬೀಗ ಮುರಿಯುವ ಧೈರ್ಯ ಮಾಡಿರಲಿಲ್ಲ. ನನಗೆ ಏಣಿಯ ಚಿಂತೆ ಇರಲಿಲ್ಲ. ಅವರು ಕರಿಗುಡ್ಡ ದಾಟಿ ಹೋದ ಮೇಲೆ ಮಾಳಿಗೆ ಏರಿ ನಾನು ಯಾರೊಡನೆ ಮಾತಾಡಲಿ?

ಭಾನುವಾರ ಸಂಜೆ ಗಾಳಿ ಏಳುತ್ತಲೇ ಮಾಳಿಗೆ ಏರಿದೆ. ನನ್ನ ಹಿಂದೆಯೇ ಅತ್ತೆಯೂ ಉಸ್ಸಪ್ಪಾ ಎನ್ನುತ್ತ ಹತ್ತಿದಳು. ಬೀಗವಿಲ್ಲದ ಮಾತಿಗೆ ಹಳೆಯ ಕಿವಿಯೂ ಸಾಕಾಗುತ್ತದಲ್ಲ. ಸುತ್ತಲಿನ ಮಾಳಿಗೆಗಳಲ್ಲಿ ಸರದಿಯವರು ಕೂತಿದ್ದರು. ಕರೆಯಲು ಬಾಯಿ ತೆರೆದೆ, ಅಲ್ಲೇ ತಡೆದೆ. ಗುರುಬಾಯಿ ಇಲ್ಲ, ಏಣಿ ಹತ್ತಿದ ಅತ್ತೆಗೆ ಕೂಗಲು ಉಸಿರಿಲ್ಲ, ಹೆಸರು ನಾನೇ ಹೇಳಬೇಕು. ಮದುವೆಯಲ್ಲಿ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಪೀಡಿಸಿದಾಗ ಒಡಪು ಹಾಕಿ ಒಮ್ಮೆ ಹೇಳಿದ್ದೇ ಕೊನೆ, ಆ ಹೆಸರು ಮತ್ತೆ ನನ್ನ ನಾಲಿಗೆಗೆ ಬಂದಿರಲಿಲ್ಲ. ಅತ್ತೆ ನನ್ನ ಮೊಣಕೈ ಹಿಡಿದಳು.

"ಯಮನೂರಪ್ಪಾ!" ಎಂದು ಕೂಗಿದೆ.

ಅಕ್ಕಪಕ್ಕದ ಮಾಳಿಗೆಗಳ ಮಾತು ಥಟ್ಟನೆ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದದ್ದು ಹೋಗಲಿ ಎಂದು ಉಳಿದದ್ದನ್ನೂ ಬಿಟ್ಟೆ. "ಎಲ್ಲಾ ಛಲೋ ಐತಿ ಅಂದದ್ದು ಸುಳ್ಳ ನೋಡ್ರಿ. ಒಂದೂ ಛಲೋ ಇಲ್ಲ. ನಿಮ್ಮ ತಾಯಿ ನಿಮ್ಮ ಅಂಗಿ ಮಡಿಚಿ ಮಡಿಚಿ ಇಡ್ತಾಳ, ನಾ ಅದನ್ನ ಬಿಚ್ಚಿ ಮಾರಿಗೆ ಹಿಡಕೋತೀನಿ. ಯಾರ ಜೋಡಿ ಜಗಳಾಡ್ಲಿ ನಾನು? ಎಮ್ಮಿ ಜೋಡಿ ಆಡೀನಿ. ನೀವಿಲ್ಲದ ನನಗ ಇರಾಕ ಆಗವಲ್ದು. ಗುಡ್ಡಾ ದಾಟಬ್ಯಾಡ್ರಿ. ಬರ್ರಿ ಮನಿಗೆ." ಎರಡು ವರ್ಷದ ಮಾತು ಒಂದೇ ಉಸಿರಿನಲ್ಲಿ ಹೋಯಿತು. ಗಾಳಿ ಅದನ್ನು ಎಷ್ಟು ಹಗುರಾಗಿ ಎತ್ತಿಕೊಂಡು ಓಡಿತೆಂದರೆ ನನಗೆ ಹಳೆಯ ಸಂಜೆಗಳೆಲ್ಲ ನೆನಪಾಗಿ ಅಳು ಬಂತು.

ಉತ್ತರವೂ ಅಷ್ಟೇ ಬೇಗ ಬಂತು. ಆದರೆ ದನಿ ಅವರದಲ್ಲ.

"ತಂಗೀ, ನಾ ಭರಮಪ್ಪ. ಅಂವ ಇಲ್ಲಿಲ್ಲವಾ. ನೆಲಾ ಗಟ್ಟಿ ಐತಿ ಅಂತ ಬಂಡಿ ಒಂದ ದಿನಾ ಮೊದಲ, ಇವತ್ತ ಮುಂಜಾನೇನ ಬಿಟ್ಟಾವ. ಅಂವ ಮುಂದಿನ ಬಂಡ್ಯಾಗ ಅದಾನ, ಗುಡ್ಡಾ ದಾಟಿರಬೇಕು. ನಾ ಹಿಂದಿನ ಬಂಡಿ ಹೇರಾಕ ಉಳದೀನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತೆ ಗೋಡೆಗೆ ಕೈಯೂರಿ ಕೂತುಬಿಟ್ಟಳು. ಒಂದು ದಿನ ಮುಂಚೆ ನಾಚಿಕೆ ಬಿಟ್ಟಿದ್ದರೆ, ಒಂದು ಸಲ ಹಟ ಹಿಡಿದಿದ್ದರೆ ಎಂದು ನನ್ನೊಳಗೆ ಕುದಿಯತೊಡಗಿತು. ಆಗ ಭರಮಪ್ಪನ ದನಿ ಮತ್ತೆ ಬಂತು. "ಅಳಬ್ಯಾಡ ತಡಿ. ನೀ ಅಂದದ್ದು ಪೂರಾ ಕೇಳಿಸೇತಿ ನನಗ. ಬೀಗಾ ಇದ್ದಿದ್ರ ನನಗೆಲ್ಲಿ ಕೇಳ್ತಿತ್ತು? ಮುಂದಿನ ಬಂಡಿಯವರಿಗೆ ದಾಟಸ್ತೀನಿ."

ಅವನು ಕೂಗಿದ್ದು ನಮಗೂ ಕೇಳಿಸಿತು. "ಯಮನೂರನ ಹೇಣ್ತಿ ಹೇಳ್ಯಾಳ, ನೀವಿಲ್ಲದ ನನಗ ಇರಾಕ ಆಗವಲ್ದು, ಬರ್ರಿ ಮನಿಗೆ!" ಅದನ್ನು ಮುಂದಿನ ಬಂಡಿಯವನು ಎತ್ತಿಕೊಂಡ. ಅವನದು ಒಡಕು ದನಿ. ಅವನಿಂದ ಅದರ ಮುಂದಿನವನು, ಅವನಿಗೆ ಕೆಮ್ಮು. ನನ್ನ ಮಾತು ಆ ಮೀಸೆ ಹೊತ್ತ ಗಂಡಸರ ಬಾಯಲ್ಲಿ, ನೀವಿಲ್ಲದ ನನಗ ಇರಾಕ ಆಗವಲ್ದು, ನೀವಿಲ್ಲದ ನನಗ ಇರಾಕ ಆಗವಲ್ದು ಎನ್ನುತ್ತ ಬಂಡಿಯಿಂದ ಬಂಡಿಗೆ ಜಿಗಿಯುತ್ತ ಹೋಯಿತು. ಯಾರೂ ನಗಲಿಲ್ಲ. ಒಂದೊಂದು ಗಂಟಲೂ ಅದನ್ನು ಹೇಳುವಾಗ ತುಸು ತಡವರಿಸುತ್ತಿತ್ತು. ಅವರಿಗೂ ಮನೆಗಳಿದ್ದವಲ್ಲ, ಆ ಮನೆಗಳಲ್ಲೂ ಎಲ್ಲಾ ಛಲೋ ಇತ್ತಲ್ಲ. ದನಿ ಸಣ್ಣದಾಗುತ್ತ ಆಗುತ್ತ ಕರಿಗುಡ್ಡದ ನೆತ್ತಿ ಮುಟ್ಟಿತು. ನೆತ್ತಿಯ ಮೇಲಿದ್ದವನು ಆ ಕಡೆ ತಿರುಗಿ ಕೂಗಿರಬೇಕು, ನಮಗೆ ಏನೂ ಕೇಳಿಸಲಿಲ್ಲ.

ಕೆಳಗೆ ರುದ್ರಗೌಡರು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ಏಣಿಗೆ ಕೈ ಹಚ್ಚಿದ್ದರು. ಆಳುಗಳು ಎತ್ತಲು ಹೋದಾಗ "ತಡೀರಿ, ಉತ್ತರಾ ಬರ್ಲಿ" ಎಂದರು. ಅವರ ತಮ್ಮನೂ ಬಂಡಿಗಳಲ್ಲಿದ್ದ. ಆವತ್ತು ಸರದಿಯಿದ್ದವರು ಯಾರೂ ಮಾತಾಡಲಿಲ್ಲ. ಇಡೀ ಊರು ಮಾಳಿಗೆ ಏರಿ ಬಯಲಿನ ಕಡೆ ಕಿವಿಗೊಟ್ಟು ನಿಂತಿತ್ತು. ಗಾಳಿ ತೆಳ್ಳಗಾಗುತ್ತ ಬಂತು. ಯಾರದೋ ಮನೆಯಲ್ಲಿ ದೀಪ ಹಚ್ಚಿದ್ದೂ ಕಂಡಿತು. ದೇವರೇ, ಇನ್ನೊಂದು ಉಸಿರು ಇರಲಿ ಎಂದು ಬೇಡಿಕೊಂಡೆ.

ಆಗ ಗುಡ್ಡದ ನೆತ್ತಿಯಿಂದ ಏನೋ ಹೊರಟಿತು. ಕೆಮ್ಮಿನವನು ಅದನ್ನು ಎತ್ತಿಕೊಂಡ, ಒಡಕು ದನಿಯವನು ಎತ್ತಿಕೊಂಡ. ಮಾತು ಬಿಡಿಸಿ ಕೇಳಲಿಲ್ಲ, ಬರುತ್ತಿದೆ ಎಂಬುದಷ್ಟೇ ತಿಳಿಯಿತು. ಕೊನೆಗೆ ಭರಮಪ್ಪನ ದನಿ ಬಂತು.

"ತಂಗೀ, ಅದಿಯೇನ?"

"ಅದೀನಿ ಅಣ್ಣಾ."

"ರೊಟ್ಟಿ ಬಡಿ ಅಂದಾನ."

ಗಾಳಿ ಬಿತ್ತು.

ಯಾರೋ ಕೇಕೆ ಹಾಕಿದರು, ಯಾರೋ ಅತ್ತರು. ನಾವಿಬ್ಬರೂ ಇಳಿಯುವ ತನಕ ರುದ್ರಗೌಡರೇ ಏಣಿ ಅಲ್ಲಾಡದಂತೆ ಹಿಡಿದು ನಿಂತರು. ಇಳಿದ ಮೇಲೆ, "ನೇಮಾ ಅಂದ್ರ ನೇಮಾನ ಅವ್ವಾ" ಎನ್ನುತ್ತ ಏಣಿ ಹೊರಿಸಿಕೊಂಡು ಹೋದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಕರಿಗುಡ್ಡದಿಂದ ನಮ್ಮೂರಿಗೆ ಉಪ್ಪಿನ ಮೇಲೆ ಹಲವು ದಿನಗಳ ನಡಿಗೆ. ಆ ಮಾತನ್ನು ನಮ್ಮವರೇ ಆಡಿದರೋ, ಅಷ್ಟೊಂದು ಗಂಟಲುಗಳ ನಡುವೆ ಯಾವನೋ ಪುಣ್ಯಾತ್ಮ ನನ್ನ ಸಂಕಟ ನೋಡಲಾರದೆ ತಾನೇ ಸೇರಿಸಿದನೋ, ಕೇಳಿ ತಿಳಿಯುವ ದಾರಿ ನನಗಿರಲಿಲ್ಲ. ಒಲೆ ಹಚ್ಚಿದೆ. ಅತ್ತೆ ಗಡಿಗೆಯಿಂದ ಜೋಳದ ಹಿಟ್ಟು ತೆಗೆಯುತ್ತ, ನನ್ನ ಮುಖ ನೋಡದೆ, "ಎಷ್ಟ ಮಂದಿಗೆ ಹಿಡೀಲಿ?" ಎಂದು ಕೇಳಿದಳು.

"ಮೂರ ಮಂದಿಗೆ ಅತ್ತಿ" ಎಂದೆ.